ಹೆಡ್ ಗ್ಯಾಸ್ಕೆಟ್‌ನ ಆಯಸ್ಸು: ಎರೆನೆಲದ ಬೇಸಿಗೆಯಲ್ಲಿ ಡೀಸೆಲ್ ಎಂಜಿನ್

ಡೀಸೆಲ್ ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಸಿಲಿಂಡರ್ ಹೆಡ್ಡಿಗೂ ನಡುವೆ ಒಂದೂವರೆ ಮಿಲಿಮೀಟರ್ ಆಸುಪಾಸಿನ ದಪ್ಪದ ಹಾಳೆಯೊಂದು ಇರುತ್ತದೆ. ಅದೇ ಹೆಡ್ ಗ್ಯಾಸ್ಕೆಟ್. ಹಾಳೆಯ ತುಂಬ ತೂತುಗಳು. ದೊಡ್ಡವು ಸಿಲಿಂಡರುಗಳಿಗೆ, ಸುತ್ತಲಿನ ಸಣ್ಣವು ತಂಪು ಮಾಡುವ ನೀರಿಗೆ, ಒಂದೆರಡು ಮೊಬಿಲ್ ಆಯಿಲ್ (ಎಂಜಿನ್ನಿನ ಎಣ್ಣೆ) ಮೇಲೇರಲು, ಉಳಿದವು ಬೋಲ್ಟುಗಳಿಗೆ. ಉರಿಯುವ ಅನಿಲ, ಬಿಸಿನೀರು, ಎಣ್ಣೆ ಈ ಮೂರೂ ಒಂದರ ಪಕ್ಕ ಒಂದು ಹರಿಯುತ್ತವೆ, ಆದರೆ ಒಂದಕ್ಕೊಂದು ತಾಗಬಾರದು. ಹಾಗೆ ತಾಗದಂತೆ ನೋಡಿಕೊಳ್ಳುವುದೊಂದೇ ಗ್ಯಾಸ್ಕೆಟ್‌ನ ಕೆಲಸ. ಅದು ತಿರುಗುವುದಿಲ್ಲ, ಸವೆಯುವುದಿಲ್ಲ, ಸದ್ದು ಮಾಡುವುದಿಲ್ಲ. ‘ಗ್ಯಾಸ್ಕೆಟ್ ಹೋಗ್ಯಾದ’ ಎಂದು ಮಿಸ್ತ್ರಿ ಹೇಳುವವರೆಗೆ ಅಂಥದ್ದೊಂದು ಇದೆಯೆಂಬುದೇ ಗಾಡಿಯ ಮಾಲೀಕನ ಗಮನದಲ್ಲಿ ಇರುವುದಿಲ್ಲ.

ಅದು ತಾಳಿಕೊಳ್ಳುವ ಒತ್ತಡವನ್ನು ಒಂದು ಸಣ್ಣ ಲೆಕ್ಕದಿಂದ ಊಹಿಸಬಹುದು. ಹಳೆಯ ಬೊಲೆರೊದ 2523 ಸಿಸಿ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಅಡ್ಡಳತೆ ಸುಮಾರು 89 ಮಿ.ಮೀ. ಅಂದರೆ ಬಾಯಿಯ ವಿಸ್ತೀರ್ಣ 62 ಚದರ ಸೆಂಟಿಮೀಟರ್. ಡೀಸೆಲ್ ಉರಿದ ಕ್ಷಣದಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 80 ಕಿಲೊ ಮುಟ್ಟಿದರೆ, ಆ ಒಂದು ಸಿಲಿಂಡರ್ ಹೆಡ್ಡನ್ನು ಮೇಲಕ್ಕೆ ನೂಕುವ ಬಲ ಸುಮಾರು 5 ಟನ್. ಕಲಬುರಗಿಯ ನೆಹರು ಗಂಜಿನಲ್ಲಿ ಒಟ್ಟಿದ ಕ್ವಿಂಟಲ್ ತೂಕದ 50 ತೊಗರಿ ಚೀಲಗಳ ಭಾರ ಅದು. ಟರ್ಬೊ ಇರುವ ಎಂಜಿನ್ನುಗಳಲ್ಲಿ ಒತ್ತಡ 140 ಕಿಲೊ ದಾಟುವುದೂ ಉಂಟು, ಆಗ ಇದೇ ಅಳತೆಯ ಸಿಲಿಂಡರಿನ ಬಲ 9 ಟನ್ನಿನ ಹತ್ತಿರ ಬರುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರ್ ನಿಮಿಷಕ್ಕೆ 1000 ಸಲ ಉರಿಯುತ್ತದೆ. 8 ತಾಸು ಉಳುಮೆ ಮಾಡಿದ ದಿನ ಗ್ಯಾಸ್ಕೆಟ್ ಇಂಥ 4.8 ಲಕ್ಷ ಹೊಡೆತಗಳನ್ನು ತಿಂದಿರುತ್ತದೆ, ಅದೂ ಒಂದೊಂದು ಸಿಲಿಂಡರಿನ ಸುತ್ತ.

ಪೆಟ್ರೋಲ್ ಎಂಜಿನ್ನು ಗಾಳಿಯನ್ನು ಹತ್ತರಲ್ಲೊಂದು ಪಾಲಿಗೆ ಅದುಮಿದರೆ ಡೀಸೆಲ್ ಎಂಜಿನ್ನು ಹದಿನಾರರಿಂದ ಇಪ್ಪತ್ತೆರಡರಲ್ಲೊಂದು ಪಾಲಿಗೆ ಅದುಮುತ್ತದೆ. ಕಿಡಿಯಿಲ್ಲದೆ ಬರಿಯ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕಾದ್ದರಿಂದ ಇಷ್ಟು ಅದುಮು ಬೇಕು. ಟ್ರ್ಯಾಕ್ಟರ್, ಜೀಪು, ಕ್ರೂಸರ್, ಜೆಸಿಬಿಗಳ ಗ್ಯಾಸ್ಕೆಟ್ ಪೆಟ್ರೋಲ್ ಕಾರಿನದಕ್ಕಿಂತ ಗಟ್ಟಿಯಾಗಿರುವುದು, ಕೆಟ್ಟಾಗ ಹೆಚ್ಚು ಕಾಡುವುದು ಎರಡಕ್ಕೂ ಇದೇ ಕಾರಣ.

ಹಾಗಿದ್ದರೆ ಅದರ ಆಯಸ್ಸೆಷ್ಟು? ಸಾಮಾನ್ಯವಾಗಿ ತಯಾರಕರ ಸರ್ವಿಸ್ ಪಟ್ಟಿಯಲ್ಲಿ ಮೊಬಿಲ್, ಫಿಲ್ಟರ್, ಬೆಲ್ಟು, ಕೂಲಂಟ್ ಬದಲಿಸುವ ಅವಧಿ ಇರುತ್ತದೆ, ಹೆಡ್ ಗ್ಯಾಸ್ಕೆಟ್‌ಗೆ ಅಂಥ ಅವಧಿ ಇರುವುದಿಲ್ಲ. ಎಂಜಿನ್ ಪೂರ್ತಿ ಬಿಚ್ಚುವ ಕಾಲದವರೆಗೆ ಅದು ಬಾಳಬೇಕೆಂಬುದೇ ವಿನ್ಯಾಸದ ಲೆಕ್ಕ. ಹಾಗೆ ಬಾಳಿದ ಗ್ಯಾಸ್ಕೆಟ್‌ಗಳೂ ಬೇಕಾದಷ್ಟಿವೆ. ಎರಡೇ ಬೇಸಿಗೆಗೆ ಹಾರಿಹೋದವೂ ಇವೆ. ಈ ಅಂತರಕ್ಕೆ ಓಡಿದ ಕಿಲೊಮೀಟರು ಕಾರಣವಲ್ಲ, ಟ್ರ್ಯಾಕ್ಟರಿನ ಮೀಟರು ತೋರಿಸುವ ತಾಸುಗಳೂ ಪೂರ್ತಿ ಕಾರಣವಲ್ಲ. ಎಂಜಿನ್ ಎಷ್ಟು ಸಲ ಮಿತಿಮೀರಿ ಗರಮ್ ಆಗಿದೆ ಎಂಬುದೇ ಗ್ಯಾಸ್ಕೆಟ್‌ನ ನಿಜವಾದ ವಯಸ್ಸು. ಹತ್ತು ವರ್ಷ ಹದವಾದ ಬಿಸಿಯಲ್ಲಿ ದುಡಿದ ಗ್ಯಾಸ್ಕೆಟ್‌ಗೆ ಆಗದ ಹಾನಿ, ನೀರಿಲ್ಲದೆ ಎಂಜಿನ್ ಓಡಿದ ಕಾಲು ಗಂಟೆಯಲ್ಲಿ ಆಗಿಬಿಡುತ್ತದೆ.

ಗ್ಯಾಸ್ಕೆಟ್ ಯಾವುದರಿಂದ ಮಾಡಿದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ ಎರಡು ತಾಮ್ರದ ತಗಡುಗಳ ನಡುವೆ ಕಲ್ನಾರು ತುಂಬಿದ ಗ್ಯಾಸ್ಕೆಟ್ ಇರುತ್ತಿತ್ತು. ಮೆತ್ತಗಿದ್ದ ಅದು ಹೆಡ್ಡಿನ ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತಿತ್ತು, ಆದರೆ ಕಾಲ ಕಳೆದಂತೆ ಕುಗ್ಗುತ್ತಿತ್ತು. ಅದಕ್ಕಾಗಿಯೇ ಹೊಸದಾಗಿ ಹಾಕಿದ ಮೇಲೆ ಕೆಲವು ತಾಸು ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿಯುವ ರೂಢಿ ಬಂತು. ಆಮೇಲೆ ಉಕ್ಕಿನ ತಗಡಿನ ಮೇಲೆ ಗ್ರ್ಯಾಫೈಟ್ ಒತ್ತಿದ ಗ್ಯಾಸ್ಕೆಟ್ ಬಂತು, ಸಿಲಿಂಡರಿನ ಬಾಯಿಯ ಸುತ್ತ ಬೆಂಕಿ ತಡೆಯಲು ಉಕ್ಕಿನ ಉಂಗುರ ಕೂರಿಸಿದ್ದು. ಈಗಿನ ಎಂಜಿನ್ನುಗಳಲ್ಲಿ ಮೂರು, ನಾಲ್ಕು ಉಕ್ಕಿನ ಪದರಗಳನ್ನು ಜೋಡಿಸಿ, ಮೇಲೆ ರಬ್ಬರಿನ ತೆಳು ಲೇಪ ಕೊಟ್ಟ ಗ್ಯಾಸ್ಕೆಟ್ ಸಾಮಾನ್ಯ. ಪದರಗಳಲ್ಲಿ ಸಿಲಿಂಡರಿನ ಸುತ್ತ ಎಬ್ಬಿಸಿದ ಏಣು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಹೆಡ್ಡು ಕೂದಲೆಳೆಯಷ್ಟು ಮೇಲೆದ್ದರೂ ಅದು ಜೊತೆಗೇ ಮೇಲೆದ್ದು ಸಂದು ಮುಚ್ಚುತ್ತದೆ. ಇದು ಹೆಚ್ಚು ಕಾಲ ಬಾಳುತ್ತದೆ, ಆದರೆ ಕೂರುವ ಮೇಲ್ಮೈ ಕನ್ನಡಿಯಷ್ಟು ನಯವಾಗಿರಬೇಕು. ಹಳೆಯ ಕಲ್ನಾರು ಗ್ಯಾಸ್ಕೆಟ್ ಸಹಿಸುತ್ತಿದ್ದ ಗೀರನ್ನು ಇದು ಸಹಿಸದು.

ಕಲಬುರಗಿ ಸೀಮೆಯಲ್ಲಿ ಗ್ಯಾಸ್ಕೆಟ್‌ನ ಕಥೆ ಬೇಸಿಗೆಯಿಂದ ಶುರುವಾಗುತ್ತದೆ. ತೊಗರಿ ರಾಶಿ ಮುಗಿದ ಹೊಲವನ್ನು ಏಪ್ರಿಲ್, ಮೇ ತಿಂಗಳಲ್ಲಿ ಆಳವಾಗಿ ಉಳುವುದು ಇಲ್ಲಿನ ಪದ್ಧತಿ. ಒಣಗಿ ಬಿರುಕು ಬಿಟ್ಟ ಎರೆನೆಲ ಕಲ್ಲಿನಂತಾಗಿರುತ್ತದೆ. ಪಲ್ಟಿ ನೇಗಿಲು ಕಟ್ಟಿದ ಟ್ರ್ಯಾಕ್ಟರ್ ತಾಸುಗಟ್ಟಲೆ ಪೂರ್ಣ ಶಕ್ತಿಯಲ್ಲಿ ದುಡಿಯುತ್ತದೆ, ಆದರೆ ನಡೆಯುವುದು ಎತ್ತಿನ ಬಂಡಿಗಿಂತ ಸ್ವಲ್ಪವೇ ಬೇಗ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಎದುರು ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ, ಹೊಲದ ಟ್ರ್ಯಾಕ್ಟರಿಗೆ ಆ ಭಾಗ್ಯವಿಲ್ಲ. ಫ್ಯಾನ್ ಎಳೆದ ಗಾಳಿಯೊಂದೇ ಗತಿ.

ಆ ಗಾಳಿಯೂ ಬಿಸಿ. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 43-44 ಡಿಗ್ರಿ ಮುಟ್ಟುವುದು ಹೊಸತಲ್ಲ. ರೇಡಿಯೇಟರ್ ಹೊರಹಾಕುವ ಶಾಖವು ನೀರಿನ ಬಿಸಿಗೂ ಗಾಳಿಯ ಬಿಸಿಗೂ ಇರುವ ವ್ಯತ್ಯಾಸವನ್ನು ಅವಲಂಬಿಸಿದೆ. ನೀರು 95 ಡಿಗ್ರಿ ಇದ್ದು ಡಿಸೆಂಬರಿನ ಮಧ್ಯಾಹ್ನದ ಗಾಳಿ 28 ಡಿಗ್ರಿ ಇದ್ದರೆ ವ್ಯತ್ಯಾಸ 67. ಮೇ ತಿಂಗಳ 44 ಡಿಗ್ರಿ ಗಾಳಿಯಲ್ಲಿ ಅದು 51ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರ್, ಅದೇ ಫ್ಯಾನ್ ಇದ್ದರೂ ಕಾಲು ಭಾಗದಷ್ಟು ತಂಪು ಕಡಿಮೆ. ಇತ್ತ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಪೂರ್ಣ ಭಾರದಲ್ಲಿ ನೀರಿಗೆ ಬಿಟ್ಟುಕೊಡುವ ಶಾಖ ಸುಮಾರು 25 ಕಿಲೊವ್ಯಾಟ್. ಬಚ್ಚಲಲ್ಲಿ ನೀರು ಕಾಯಿಸುವ 1000 ವ್ಯಾಟಿನ 25 ಕಾಯಿಲ್‌ಗಳನ್ನು ಒಂದೇ ಬಕೆಟಿನಲ್ಲಿ ಅದ್ದಿದಂತೆ. ರೇಡಿಯೇಟರಿನಲ್ಲಿ ಸ್ವಲ್ಪ ಕಸ ಕೂತಿದ್ದರೂ ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮೇ ತಿಂಗಳಲ್ಲೇ.

ಕಸ ಕೂರುವ ಕಾಲ ಬೇರೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಟ್ರ್ಯಾಕ್ಟರ್ ನಿಂತಲ್ಲೇ ನಿಂತು ರಾಶಿ ಮಷಿನ್ ತಿರುಗಿಸುತ್ತದೆ. ಸುತ್ತಲೂ ಹೊಟ್ಟು, ಧೂಳು. ಫ್ಯಾನ್ ಅದನ್ನೆಲ್ಲ ಎಳೆದು ರೇಡಿಯೇಟರಿನ ರೆಕ್ಕೆಗಳ ಸಂದಿಗೆ ತುಂಬುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಹಾರಿ ಅದರ ಮೇಲೆ ಮೆತ್ತಿಕೊಂಡು ಒಣಗುತ್ತದೆ. ಕಮಲಾಪುರದ ಕಡೆ ನೆಲದ ಬಣ್ಣ ಬದಲಾಗುತ್ತದೆ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಬೆಳೆಯುವ ಆ ಕೆಮ್ಮಣ್ಣು ನೆಲದ ಧೂಳು ಇನ್ನೂ ಸಣ್ಣ, ಎಣ್ಣೆಯ ಪಸೆ ಇದ್ದಲ್ಲೆಲ್ಲ ಅಂಟುತ್ತದೆ. ಹೊರಗಿನಿಂದ ನೋಡಿದರೆ ರೇಡಿಯೇಟರ್ ಚೆನ್ನಾಗಿಯೇ ಕಾಣಬಹುದು, ಕಸವಿರುವುದು ಒಳಸಂದಿಯಲ್ಲಿ. ಎಂಜಿನ್ ಕಡೆಯಿಂದ ಹೊರಕ್ಕೆ, ಗಾಳಿ ಬಂದ ದಾರಿಗೆ ಎದುರಾಗಿ, ಹಗುರಾದ ಒತ್ತಡದಲ್ಲಿ ನೀರು ಹಾಯಿಸಿದರೆ ಅದು ಬರುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಒಳಗಿನ ಶತ್ರು ನೀರೇ. ಜಿಲ್ಲೆಯ ನೆಲದಡಿ ಬಸಾಲ್ಟ್ ಕಲ್ಲು, ಶಹಾಬಾದ್, ಚಿತ್ತಾಪುರದ ಕಡೆ ಸುಣ್ಣಕಲ್ಲು. ಬೋರ್‌ವೆಲ್ಲಿನ ಸವಳು ನೀರು ಕಾಯಿಸಿದ ಹಂಡೆಯ ತಳದಲ್ಲಿ ಕೂರುವ ಬಿಳಿ ಪದರ ಮನೆಯಲ್ಲಿ ಎಲ್ಲರೂ ಕಂಡದ್ದೇ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಪದರ ಹೆಡ್ಡಿನ ಒಳಗೆ, ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ ಕೂರುತ್ತದೆ. ಆ ಸುಣ್ಣದ ಪದರ ಬೀಡು ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ನೀರಿನ ಬಿಸಿಯನ್ನು ತೋರಿಸುತ್ತದೆಯೇ ಹೊರತು ಲೋಹದ ಬಿಸಿಯನ್ನಲ್ಲ. ಆದ್ದರಿಂದ ಮುಳ್ಳು ನಡುವಿನಲ್ಲೇ ಇದ್ದು ಹೆಡ್ಡು ಒಳಗೊಳಗೇ ಬೇಯುವುದು ಸಾಧ್ಯ. ಬರಿ ನೀರು ತುಕ್ಕನ್ನೂ ತರುತ್ತದೆ. ತುಕ್ಕು ಗ್ಯಾಸ್ಕೆಟ್‌ನ ನೀರಿನ ತೂತುಗಳ ಅಂಚನ್ನು ಮೆಲ್ಲಗೆ ತಿನ್ನುತ್ತದೆ. ತಯಾರಕರು ಹೇಳಿದ ಕೂಲಂಟನ್ನು ಖನಿಜ ತೆಗೆದ ನೀರಿನಲ್ಲಿ ಬೆರೆಸಿ ಹಾಕಿದರೆ ಈ ಎರಡೂ ತಪ್ಪುತ್ತವೆ. ಕೂಲಂಟ್ ಬರಿಯ ಚಳಿ ದೇಶದ ಮದ್ದು, ನಮ್ಮ ಬಿಸಿಲಿಗೆ ಬೇಡ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ, ಅದು ತಪ್ಪು. ತುಕ್ಕು ತಡೆಯುವುದು, ಕುದಿಯುವ ಬಿಂದುವನ್ನು ಏರಿಸುವುದು ಎರಡೂ ಬಿಸಿಲು ನಾಡಿಗೇ ಹೆಚ್ಚು ಬೇಕಾದ ಗುಣಗಳು.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ತೆರೆದ ಪಾತ್ರೆಯ ನೀರು 98-99 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗ್ 0.9 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 118 ಡಿಗ್ರಿಯವರೆಗೆ ಕುದಿಯದು. ಸ್ಪ್ರಿಂಗ್ ಸೋತ ಅಥವಾ ರಬ್ಬರ್ ಹರಿದ ಮುಚ್ಚಳದ ಗಾಡಿ ಈ 20 ಡಿಗ್ರಿಯ ಕಾವಲನ್ನು ಕಳೆದುಕೊಳ್ಳುತ್ತದೆ. ಅಗ್ಗದ ಈ ಒಂದು ಮುಚ್ಚಳದ ಮೇಲೆ ಇಡೀ ಹೆಡ್ಡಿನ ಕ್ಷೇಮ ನಿಂತಿದೆ.

ಇನ್ನೊಂದು ರೂಢಿ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತೆಸೆಯುವುದು. ಬಿಸಿಲು ನಾಡಿನಲ್ಲಿ ನೀರು ಸದಾ ಹರಿಯುತ್ತಿರಲಿ ಎಂಬುದು ಅದರ ಹಿಂದಿನ ತರ್ಕ. ಅದನ್ನು ಒಪ್ಪಲಾಗದು. ಬಹಳಷ್ಟು ಎಂಜಿನ್ನುಗಳಲ್ಲಿ ಈ ವಾಲ್ವು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವುದಷ್ಟೇ ಅಲ್ಲ, ನೀರು ರೇಡಿಯೇಟರನ್ನು ಬಿಟ್ಟು ಎಂಜಿನ್ನಿಗೇ ಮರಳುವ ಅಡ್ಡದಾರಿಯನ್ನೂ ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಅಡ್ಡದಾರಿ ಸದಾ ತೆರೆದಿರುತ್ತದೆ, ಬಿಸಿನೀರಿನ ಒಂದು ಪಾಲು ತಂಪಾಗದೆ ವಾಪಸು ಬರುತ್ತದೆ. ಭಾರ ಹೆಚ್ಚಿದಾಗ ಎಂಜಿನ್ ಇನ್ನೂ ಬೇಗ ಕಾಯುತ್ತದೆ, ಚಳಿಯ ಬೆಳಗಿನಲ್ಲಿ ಹದಕ್ಕೆ ಬರಲು ತಡವಾಗುತ್ತದೆ.

ರಸ್ತೆಯ ಗಾಡಿಗಳ ಕಷ್ಟ ಸ್ವಲ್ಪ ಬೇರೆ. ಕಲಬುರಗಿಯಿಂದ ಮಹಾಗಾಂವ್ ಕ್ರಾಸ್, ಕುರಿಕೋಟಾ ಸೇತುವೆ ದಾಟಿ ಕಮಲಾಪುರ, ಕಿಣ್ಣಿ ಸಡಕ್, ಹುಮನಾಬಾದಿನ ಕಡೆ ಸಾಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನೆಲ ಹಂತ ಹಂತವಾಗಿ ಏರುತ್ತದೆ. ಸೀಟಿನ ಲೆಕ್ಕ ಮೀರಿ ಜನ ತುಂಬಿದ ಕ್ರೂಸರ್ ಅಥವಾ ಜೀಪನ್ನು ಡ್ರೈವರ್ ಡೀಸೆಲ್ ಉಳಿಸಲೆಂದು ಮೇಲಿನ ಗೇರಿನಲ್ಲೇ ಎಳೆಸುತ್ತಾನೆ. ಎಂಜಿನ್ನಿನ ಸುತ್ತು ಕಡಿಮೆಯಾದಾಗ ಫ್ಯಾನ್ ನಿಧಾನ, ನೀರು ನೂಕುವ ವಾಟರ್ ಬಾಡಿ ನಿಧಾನ, ಸಿಲಿಂಡರಿನೊಳಗಿನ ಒತ್ತಡ ಮಾತ್ರ ಗರಿಷ್ಠ. ಗೇರು ಇಳಿಸಿ ಸುತ್ತು ಹೆಚ್ಚಿಸಿದರೆ ಸದ್ದು ಜೋರಾಗುತ್ತದೆ, ಆದರೆ ಗ್ಯಾಸ್ಕೆಟ್‌ಗೆ ಹಗುರ. ಎರಡು ಟ್ರೇಲರ್ ಕಬ್ಬು ಎಳೆಯುವ ಅಫಜಲಪುರ, ಆಳಂದದ ಟ್ರ್ಯಾಕ್ಟರುಗಳಿಗೂ ಇದೇ ಮಾತು ಸಲ್ಲುತ್ತದೆ. ‘ಪಿಕಪ್’ ಸಾಲದೆಂದು ಎಂಜಿನ್ನಿನ ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿ, ಟೈಮಿಂಗ್ ಮುಂದಿಡಿಸುವುದು ಇದಕ್ಕಿಂತ ಕೆಟ್ಟದ್ದು. ಡೀಸೆಲ್ ಬೇಗ ಹೊತ್ತಿದಷ್ಟೂ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಏಳುತ್ತದೆ, ಹೆಡ್ಡಿನ ಬೋಲ್ಟುಗಳ ಲೆಕ್ಕವೇ ತಪ್ಪುತ್ತದೆ.

ಬಿಸಿ ಮಿತಿಮೀರಿದಾಗ ಆಗುವುದೇನು? ಹಳೆಯ ಟ್ರ್ಯಾಕ್ಟರುಗಳಲ್ಲಿ ಹೆಡ್ಡು, ಬ್ಲಾಕು ಎರಡೂ ಬೀಡಿನವು, ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹೊಸ ಗಾಡಿಗಳ ಹೆಡ್ಡು ಹೆಚ್ಚಾಗಿ ಅಲ್ಯೂಮಿನಿಯಂ, ಅದು ಬೀಡಿನ ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ಡು 80 ಡಿಗ್ರಿ ಬಿಸಿಯೇರಿದಾಗ ಬ್ಲಾಕಿಗಿಂತ ಸುಮಾರು 0.45 ಮಿ.ಮೀ. ಹೆಚ್ಚು ಬೆಳೆಯಲು ನೋಡುತ್ತದೆ. ನಡುವಿನ ಗ್ಯಾಸ್ಕೆಟ್ ಪ್ರತಿ ಸಲ ಬಿಸಿಯಾಗಿ ಆರಿದಾಗಲೂ ಈ ಉಜ್ಜಾಟ ತಡೆಯಬೇಕು, ವಿನ್ಯಾಸ ಅದಕ್ಕೆ ಸಿದ್ಧವಾಗಿಯೇ ಇರುತ್ತದೆ. ಆದರೆ ನೀರು ಬತ್ತಿ ಬಿಸಿ ಇನ್ನೂ ಏರಿದರೆ ಹಿಗ್ಗಲು ಜಾಗವಿಲ್ಲದ ಹೆಡ್ಡು ಬೋಲ್ಟುಗಳ ನಡುವೆ ಸಿಕ್ಕಿ ಗ್ಯಾಸ್ಕೆಟನ್ನು ಅತಿಯಾಗಿ ಅದುಮುತ್ತದೆ. ಆರಿದ ಮೇಲೆ ಹೆಡ್ಡು ಮೊದಲಿನಂತಾಗುತ್ತದೆ, ಅದುಮಿದ ಗ್ಯಾಸ್ಕೆಟ್ ಆಗುವುದಿಲ್ಲ. ಅಲ್ಲಿ ಸಡಿಲ ಹುಟ್ಟುತ್ತದೆ. ಇನ್ನೂ ಹೆಚ್ಚು ಕಾದಿದ್ದರೆ ಹೆಡ್ಡೇ ಬಾಗಿರುತ್ತದೆ. ಎರಡು ಸಿಲಿಂಡರುಗಳ ನಡುವಿನ ಇಕ್ಕಟ್ಟಾದ ಪಟ್ಟಿಯೇ ಸಾಮಾನ್ಯವಾಗಿ ಮೊದಲು ಸುಡುವ ಜಾಗ, ಅಲ್ಲಿ ಎರಡೂ ಕಡೆ ಬೆಂಕಿ.

ಯಾವ ಗೋಡೆ ಒಡೆಯಿತು ಎಂಬುದರ ಮೇಲೆ ಲಕ್ಷಣಗಳು ನಿಲ್ಲುತ್ತವೆ. ಅನಿಲ ನೀರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತವೆ, ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಪೈಪು ಕಲ್ಲಿನಂತೆ ಬಿಗಿಯುತ್ತದೆ, ನೀರು ಹೊರಗೆ ಉಕ್ಕುತ್ತದೆ. ನೀರು ಸಿಲಿಂಡರಿಗೆ ಇಳಿದರೆ ಬಿಳಿ ಹೊಗೆ ಬರುತ್ತದೆ, ಎಲ್ಲಿಯೂ ಸೋರದೆ ದಿನಕ್ಕಿಷ್ಟು ನೀರು ಕಡಿಮೆಯಾಗುತ್ತದೆ. ‘ಎಂಜಿನ್ ನೀರು ಕುಡೀಲಿಕತ್ಯಾದ’ ಎನ್ನುವುದು ಇದಕ್ಕೇ. ಚಳಿಯ ಬೆಳಗಿನಲ್ಲಿ ಕ್ಷಣಕಾಲ ಬರುವ ಬಿಳಿ ಹೊಗೆ ಬೇರೆ, ಬಿಸಿಯಾದ ಮೇಲೂ ನಿಲ್ಲದ ಹೊಗೆ ಬೇರೆ. ನೀರು ಮೊಬಿಲ್‌ಗೆ ಬೆರೆತರೆ ಅಳತೆ ಕಡ್ಡಿಯಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣ ಕಾಣುತ್ತದೆ. ಅಂಥ ಎಣ್ಣೆಯಲ್ಲಿ ಒಂದು ದಿನ ಓಡಿಸಿದರೂ ಬೇರಿಂಗುಗಳು ಹೋಗಬಹುದು. ಎರಡು ಸಿಲಿಂಡರುಗಳ ನಡುವೆ ಮಾತ್ರ ಒಡೆದಿದ್ದರೆ ನೀರೂ ಎಣ್ಣೆಯೂ ಚೆನ್ನಾಗಿಯೇ ಇರುತ್ತವೆ, ಎಂಜಿನ್ ಕುಂಟುತ್ತದೆ, ಶಕ್ತಿ ಬಿಡುತ್ತದೆ.

ಲಕ್ಷಣ ಕಂಡ ಕೂಡಲೇ ಹೆಡ್ ಬಿಚ್ಚುವ ಮೊದಲು ಪರೀಕ್ಷೆ ಮಾಡುವುದು ಒಳ್ಳೆಯದು. ಕಂಪ್ರೆಷನ್ ಮೀಟರ್ ಇಟ್ಟಾಗ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಒಡೆದಿರುವುದು ಬಹುತೇಕ ಖಚಿತ. ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಇನ್ನೊಂದು ಪರೀಕ್ಷೆಯಿದೆ. ಉರಿದ ಅನಿಲ ಬೆರೆತಿದ್ದರೆ ಪೆಟ್ರೋಲ್ ಎಂಜಿನ್ನಿನಲ್ಲಿ ದ್ರಾವಣ ಹಳದಿಯಾಗುತ್ತದೆ, ಡೀಸೆಲ್ಲಿನಲ್ಲಿ ಹಸಿರಾಗುತ್ತದೆ. ಡೀಸೆಲ್ ಎಂಜಿನ್ ಭಾರವಿಲ್ಲದೆ ತಿರುಗುವಾಗ ಅದರ ಹೊಗೆಯಲ್ಲಿ ಬರಿ ಗಾಳಿಯೇ ಹೆಚ್ಚಿರುವುದರಿಂದ, ಸ್ವಲ್ಪ ಹೊತ್ತು ಭಾರ ಎಳೆಸಿದ ಮೇಲೆ ಪರೀಕ್ಷಿಸಿದರೆ ಫಲಿತಾಂಶ ನಂಬಬಹುದು.

ಹೊಲದಲ್ಲೋ ದಾರಿಯಲ್ಲೋ ಮುಳ್ಳು ಕೆಂಪಿಗೆ ಏರಿದಾಗ ಮಾಡುವ ಮೊದಲ ಐದು ನಿಮಿಷದ ಕೆಲಸವೇ ಮುಂದಿನ ಖರ್ಚನ್ನು ನಿರ್ಧರಿಸುತ್ತದೆ. ಭಾರ ಬಿಡಿಸಬೇಕು. ನೀರು ಇನ್ನೂ ಇದ್ದರೆ ಎಂಜಿನ್ನನ್ನು ನಿಧಾನ ಸುತ್ತಿನಲ್ಲಿ ಕೊಂಚ ಹೊತ್ತು ತಿರುಗಲು ಬಿಡಬಹುದು. ಬೆಲ್ಟು ಹರಿದಿದ್ದರೆ, ನೀರು ಖಾಲಿಯಾಗಿದ್ದರೆ ಕೂಡಲೇ ಬಂದ್ ಮಾಡಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು, ಚಿಮ್ಮುವ ನೀರು ಮುಖ, ಕೈ ಸುಡುತ್ತದೆ. ಮುಟ್ಟಬಹುದಾದಷ್ಟು ಆರುವವರೆಗೆ ತಣ್ಣೀರು ಸುರಿಯಬಾರದು. ಕಾದ ಹೆಂಚಿನ ಮೇಲೆ ನೀರು ಬಿದ್ದಂತಾಗಿ ಹೆಡ್ಡು ಬಿರುಕು ಬಿಡುತ್ತದೆ, ಗ್ಯಾಸ್ಕೆಟ್‌ನ ಕೆಲಸ ಹೆಡ್ಡಿನ ಕೆಲಸವಾಗುತ್ತದೆ. ಸಣ್ಣ ಸೋರಿಕೆಗೆ ರೇಡಿಯೇಟರಿನೊಳಗೆ ಅರಿಶಿನ ಪುಡಿ ಹಾಕುವ ಹಳೆಯ ಉಪಾಯ ಊರು ಮುಟ್ಟಿಸಬಹುದು, ಆದರೆ ಅದೇ ಪುಡಿ ರೇಡಿಯೇಟರಿನ ಸಣ್ಣ ನಳಿಗೆಗಳನ್ನೂ ಕಟ್ಟುತ್ತದೆ. ಹಾರಿದ ಹೆಡ್ ಗ್ಯಾಸ್ಕೆಟ್‌ಗೆ ಯಾವ ಪುಡಿಯೂ ಮದ್ದಲ್ಲ.

ಹೆಡ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೋಲ್ಟುಗಳನ್ನು ತುದಿಗಳಿಂದ ನಡುವಿಗೆ ಸಡಿಲಿಸುತ್ತ. ಬಿಸಿಯಲ್ಲಿ ಬಿಚ್ಚಿದ ಹೆಡ್ಡು ಬಾಗುತ್ತದೆ. ಬಿಚ್ಚಿದ ಹಳೆಯ ಗ್ಯಾಸ್ಕೆಟನ್ನು ಎಸೆಯುವ ಮೊದಲು ನೋಡಬೇಕು, ಕಪ್ಪಾದ ಜಾಗ, ಕೊರೆದ ಅಂಚು, ತುಕ್ಕು ತಿಂದ ತೂತು ಇವು ರೋಗದ ಮೂಲ ಹೇಳುತ್ತವೆ. ಹಳೆಯ ಕಾಲದ ಗ್ಯಾಸ್ಕೆಟ್ ಆಗಿದ್ದರೆ ಅದನ್ನು ಒಣಗಿದ್ದಂತೆಯೇ ಕೆರೆಯುವುದು, ವೈರ್ ಬ್ರಷ್ ಹಿಡಿಯುವುದು, ಗಾಳಿ ಊದುವುದು ಕೂಡದು. ಕಲ್ನಾರಿನ ಧೂಳು ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಹುದು. ಯುರೋಪಿನ ಒಕ್ಕೂಟದಲ್ಲಿ 2005ರಿಂದ ಕಲ್ನಾರಿನ ಬಳಕೆಯೇ ನಿಷಿದ್ಧ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರ ಕೈಗೇ ಈ ಕೆರೆಯುವ ಕೆಲಸ ಬರುವುದರಿಂದ, ನೀರಿನಲ್ಲಿ ನೆನೆಸಿ, ಮೂಗು ಬಾಯಿಗೆ ಸರಿಯಾದ ಮಾಸ್ಕ್ ಕಟ್ಟಿಸಿ ಮಾಡಿಸುವುದು ಮಾಲೀಕರ ಹೊಣೆ.

ಹೆಡ್ಡಿನ ಮೇಲ್ಮೈಗೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ಬಾಗು ಗೊತ್ತಾಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದ ಬಾಗೂ ಹೆಚ್ಚೇ. ಬಾಗಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸುವುದುಂಟು, ಆದರೆ ಡೀಸೆಲ್ ಹೆಡ್ಡಿನಲ್ಲಿ ಕೊರೆಯಬಹುದಾದ ಮಿತಿ ಸಣ್ಣದು, ಕೆಲವು ಎಂಜಿನ್ನುಗಳಿಗೆ ಆ ಅನುಮತಿಯೇ ಇಲ್ಲ. ಹೆಚ್ಚು ಕೊರೆದರೆ ವಾಲ್ವುಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಹಲವು ಎಂಜಿನ್ನುಗಳಿಗೆ ಎರಡು ಮೂರು ದಪ್ಪದ ಗ್ಯಾಸ್ಕೆಟ್ ಸಿಗುತ್ತವೆ, ಅಂಚಿನ ಕಚ್ಚು ಅಥವಾ ತೂತುಗಳ ಎಣಿಕೆ ದಪ್ಪವನ್ನು ಸೂಚಿಸುತ್ತದೆ. ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು ಸರಿಯಾದ್ದನ್ನು ಆರಿಸಬೇಕು. ಸಿಲಿಂಡರಿಗೆ ಬೇರೆ ಕೊಳವೆ, ಅಂದರೆ ಲೈನರ್, ಹಾಕಿದ ಎಂಜಿನ್ನಿನಲ್ಲಿ ಲೈನರಿನ ತುಟಿಯೂ ಬ್ಲಾಕಿಗಿಂತ ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು ಎದ್ದಿರಬೇಕು, ಎಲ್ಲ ಲೈನರುಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ತಗ್ಗಿದ್ದರೆ ಅಲ್ಲಿ ಹೊಸ ಗ್ಯಾಸ್ಕೆಟ್ ಕೂಡ ನಿಲ್ಲದು. ಬೋಲ್ಟಿನ ಗುಂಡಿಗಳಲ್ಲಿ ನಿಂತ ಎಣ್ಣೆ, ನೀರನ್ನು ಬಟ್ಟೆಯಿಂದ ತೆಗೆಯದೆ ಬಿಗಿದರೆ ಬ್ಲಾಕೇ ಸೀಳಬಹುದು.

ಬಿಗಿಯುವುದು ನಡುವಿನಿಂದ ಹೊರಕ್ಕೆ, ಸುರುಳಿಯಾಗಿ, ಮೂರು ಹಂತಗಳಲ್ಲಿ, ಟಾರ್ಕ್ ಪಾನಾದಿಂದ. ಕೈಯಂದಾಜು ಎಷ್ಟೇ ಪಳಗಿದ್ದರೂ ಹತ್ತು ಹದಿನೆಂಟು ಬೋಲ್ಟುಗಳನ್ನು ಸಮನಾಗಿ ಬಿಗಿಯಲಾರದು. ಕೊನೆಯ ಹಂತವನ್ನು ಡಿಗ್ರಿ ಲೆಕ್ಕದಲ್ಲಿ ತಿರುಗಿಸಬೇಕಾದ ಹೊಸ ಎಂಜಿನ್ನುಗಳ ಬೋಲ್ಟುಗಳು ಬಿಗಿದಾಗಲೇ ಹಿಗ್ಗಿರುತ್ತವೆ, ತಯಾರಕರು ಬದಲಿಸಿ ಎಂದಿದ್ದರೆ ಹಳೆಯವನ್ನು ಮತ್ತೆ ಹಾಕಬಾರದು. ಕೂಲಂಟ್ ತುಂಬಿಸಿ, ಒಳಗೆ ಸಿಕ್ಕ ಗಾಳಿಯನ್ನು ಹೊರಬಿಟ್ಟು, ಹದದ ಬಿಸಿಗೆ ತಂದು, ಆರಿದ ಮೇಲೆ ನೀರಿನ ಮಟ್ಟ ಮತ್ತೆ ನೋಡಬೇಕು. ಮರುಬಿಗಿತ ಕೇಳುವ ಗ್ಯಾಸ್ಕೆಟ್ ಆಗಿದ್ದರೆ ಕೈಪಿಡಿ ಹೇಳಿದಷ್ಟು ತಾಸು ಓಡಿಸಿ ಅದೇ ಕ್ರಮದಲ್ಲಿ ಬಿಗಿದು, ವಾಲ್ವುಗಳ ಸಂದನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಇವಕ್ಕೂ ಮೊದಲು, ಹೆಡ್ಡು ಇನ್ನೂ ಲೇತ್ ಅಂಗಡಿಯಲ್ಲಿರುವಾಗಲೇ, ರೇಡಿಯೇಟರ್ ಬಿಚ್ಚಿ ಒಳಹೊರಗೆ ತೊಳೆಸಿ, ಮುಚ್ಚಳ, ಬೆಲ್ಟು, ಥರ್ಮೋಸ್ಟಾಟ್, ವಾಟರ್ ಬಾಡಿ ಪರೀಕ್ಷಿಸಿರಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಮುಂದಿನ ಮೇ ತಿಂಗಳ ಉಳುಮೆಗೇ ಹಾರುತ್ತದೆ.